ಮಂಪರು ಪರೀಕ್ಷೆ ಮಾಡಿದರೆ ಸತ್ಯ ಹೊರಬರುತ್ತದೆಯೇ?

ದೊಡ್ಡದೊಂದು ಕೊಲೆ ಕೇಸು ಸುದ್ದಿಯಾದರೆ ಸಾಕು, ಎರಡು ಮೂರು ದಿನದಲ್ಲಿ ನಮ್ಮ ಆರ್‌ಪಿಸಿ ಲೇಔಟಿನ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ಬಂದೇ ಬರುತ್ತದೆ. ವಾಕಿಂಗ್ ಗುಂಪು, ಬೀದಿಯವರ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಎಲ್ಲದರಲ್ಲೂ ಅದೇ. "ವರ್ಷಗಟ್ಟಲೆ ಕೋರ್ಟು ಕಚೇರಿ ಯಾಕೆ? ಒಂದು ಇಂಜೆಕ್ಷನ್ ಕೊಟ್ಟು ನಾರ್ಕೋ ಟೆಸ್ಟ್ ಮಾಡಿಸಿ, ಹತ್ತೇ ನಿಮಿಷದಲ್ಲಿ ಸತ್ಯ ಹೊರಬರುತ್ತೆ. ತಪ್ಪು ಮಾಡದವನು ಯಾಕೆ ಹೆದರಬೇಕು? ಎಲ್ಲರಿಗೂ ಕಳಿಸಿ." 2025ರಲ್ಲಿ ಧರ್ಮಸ್ಥಳದ ಪ್ರಕರಣ ಎಲ್ಲರ ಬಾಯಲ್ಲಿದ್ದಾಗಲೂ ಇದೇ ಮಾತು ಬಂತು. ಒಂದು ಗುಂಪಿನವರು ದೂರುದಾರನಿಗೆ ಮಾಡಿಸಿ ಎಂದರೆ ಇನ್ನೊಂದು ಗುಂಪಿನವರು ಎದುರಿನವರಿಗೆ ಮಾಡಿಸಿ ಎಂದರು. ಇಂಜೆಕ್ಷನ್ ಮೇಲಿನ ನಂಬಿಕೆಯಲ್ಲಿ ಮಾತ್ರ ಎರಡೂ ಕಡೆಯವರಿಗೆ ಒಮ್ಮತ.

ನೇರವಾಗಿ ಹೇಳುವುದಾದರೆ, ಸತ್ಯವನ್ನಷ್ಟೇ ಹೇಳಿಸುವ ಔಷಧ ಜಗತ್ತಿನಲ್ಲಿ ಎಲ್ಲೂ ಇಲ್ಲ. ಬಲವಂತವಾಗಿ ಮಂಪರು ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆ ತೀರ್ಪಿಗೆ ಹೆಸರು ಕೊಟ್ಟ ಕೇಸು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ.

ಆ ಇಂಜೆಕ್ಷನ್‌ನಲ್ಲಿ ಏನಿರುತ್ತದೆ?

ಸಾಮಾನ್ಯವಾಗಿ ಬಳಸುವುದು ಸೋಡಿಯಂ ಪೆಂಟೊಥಾಲ್, ಅಂದರೆ ಥಿಯೋಪೆಂಟಾಲ್. ಇದೇನೂ ಪೊಲೀಸರಿಗೆಂದು ಕಂಡುಹಿಡಿದ ಗುಟ್ಟಿನ ಮದ್ದಲ್ಲ. 1934ರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ದೆಗೆ ಇಳಿಸಲು ವೈದ್ಯರು ಬಳಸುತ್ತಾ ಬಂದ ಅರಿವಳಿಕೆ ಮದ್ದು ಅದು. ನಿಮ್ಮ ಮನೆಯ ಹಿರಿಯರಿಗೆ ಹಳೆಯ ಕಾಲದಲ್ಲಿ ಆಪರೇಷನ್ ಆಗಿದ್ದರೆ ಬಹುಶಃ ಇದನ್ನೇ ಕೊಟ್ಟಿರುತ್ತಾರೆ. ಈಗ ಆ ಜಾಗವನ್ನು ಹೆಚ್ಚಾಗಿ ಪ್ರೊಪೊಫಾಲ್ ಎಂಬ ಇನ್ನೊಂದು ಮದ್ದು ತುಂಬಿದೆ.

ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕ ನಮ್ಮೆಲ್ಲರ ತಲೆಯೊಳಗೂ ಇದೆ. ಪೆಂಟೊಥಾಲ್ ಆ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ. ಪೂರ್ತಿ ಪ್ರಮಾಣ ಕೊಟ್ಟರೆ ಅರ್ಧ ನಿಮಿಷದೊಳಗೆ ನಿದ್ದೆ. ಸ್ವಲ್ಪಸ್ವಲ್ಪವಾಗಿ ಕೊಟ್ಟರೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಸ್ಥಿತಿ. ಪತ್ರಿಕೆಗಳು ಮಂಪರು ಪರೀಕ್ಷೆ ಎಂದು ಕರೆಯುವುದು ಈ ಕಾರಣಕ್ಕೆ. ಆಗ ಸಂಕೋಚ ಹೋಗುತ್ತದೆ, ಬಾಯಿ ಸಡಿಲವಾಗುತ್ತದೆ.

ಸುಳ್ಳು ಹೇಳುವುದಕ್ಕೆ ತಲೆ ಓಡಬೇಕು, ತಲೆ ಓಡದಂತೆ ಮಾಡಿದರೆ ಉಳಿಯುವುದು ಸತ್ಯವೇ ಎಂಬುದು ಇದರ ಹಿಂದಿನ ತರ್ಕ. ಕೇಳಲು ಸರಿ ಎನಿಸುತ್ತದೆ. ಆದರೆ ಇದು ಸತ್ಯ, ಇದು ಕಲ್ಪನೆ, ಇದು ಯಾರೋ ಈಗಷ್ಟೇ ಕೇಳಿದ ಪ್ರಶ್ನೆಯೊಳಗಿದ್ದ ಮಾತು ಎಂದು ಬೇರ್ಪಡಿಸುವುದಕ್ಕೂ ಅದೇ ತಲೆ ಓಡಬೇಕಲ್ಲ! ಅರಿವಳಿಕೆಯಿಂದ ಎಚ್ಚರವಾಗುವ ರೋಗಿಯ ಪಕ್ಕದಲ್ಲಿ ಕೂತವರಿಗೆ ಇದು ಗೊತ್ತು. ಎಂದೋ ತೀರಿಕೊಂಡ ತಾಯಿಯನ್ನು ಕರೆಯುತ್ತಾರೆ, ಮಾರಿ ಇಪ್ಪತ್ತು ವರ್ಷವಾದ ಹಸುವಿಗೆ ಮೇವು ಹಾಕಿದೆಯಾ ಎಂದು ಕೇಳುತ್ತಾರೆ. ಕುಡಿದವರ ಮಾತೂ ಹಾಗೆಯೇ. ಕುಡಿದಾಗ ನಿಜ ಹೊರಬರುತ್ತೆ ಎನ್ನುತ್ತೇವೆ, ಆದರೆ ಕುಡಿದವನೊಬ್ಬ "ನಾನು ಯಾರು ಗೊತ್ತಾ?" ಎಂದು ಬಿಡುವ ಬುರುಡೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ, ಇದು ಅಪಾಯವಿಲ್ಲದ ಮದ್ದಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಉಸಿರಾಟ ನಿಲ್ಲಬಹುದು, ರಕ್ತದೊತ್ತಡ ಕುಸಿಯಬಹುದು. ಹಾಗಾಗಿ ಅರಿವಳಿಕೆ ತಜ್ಞರಿಲ್ಲದೆ, ಆಸ್ಪತ್ರೆಯಿಲ್ಲದೆ ಇದನ್ನು ಮಾಡುವಂತಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಠಾಣೆಯ ಕುರ್ಚಿಗೆ ಕಟ್ಟಿಹಾಕಿ ಚುಚ್ಚುವ ಸೂಜಿ ಅಲ್ಲ.

ಉಮ್ಮತ್ತಿಯಿಂದ ಶುರುವಾದ ಕಥೆ

"ಸತ್ಯದ ಮದ್ದು" ಎಂಬ ಕಲ್ಪನೆ ಬಂದದ್ದು ಅಮೆರಿಕದ ಟೆಕ್ಸಸ್‌ನ ಒಬ್ಬ ಹೆರಿಗೆ ವೈದ್ಯರಿಂದ. ಹೆಸರು ರಾಬರ್ಟ್ ಹೌಸ್. ಆಗ ಹೆರಿಗೆ ನೋವು ತಿಳಿಯದಿರಲೆಂದು ಸ್ಕೊಪೊಲಮೈನ್ ಎಂಬ ಮದ್ದು ಕೊಡುತ್ತಿದ್ದರು. ನಮ್ಮ ರಸ್ತೆ ಬದಿಯಲ್ಲಿ ಬೆಳೆಯುವ ಉಮ್ಮತ್ತಿ ಅಥವಾ ದತ್ತೂರದ ಗಿಡದಲ್ಲೂ ಇರುವ ವಸ್ತು ಅದು. ದಾರಿಹೋಕರಿಗೆ ದತ್ತೂರದ ಬೀಜ ತಿನ್ನಿಸಿ ದೋಚುತ್ತಿದ್ದ ಕಳ್ಳರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ.

1916ರಲ್ಲಿ ಒಂದು ಮನೆಯಲ್ಲಿ ಹೆರಿಗೆ ಮಾಡಿಸಿದ ಹೌಸ್, ಮಗುವನ್ನು ತೂಗಲು ತಕ್ಕಡಿ ಕೇಳಿದರು. ಗಂಡನಿಗೆ ಅದು ಸಿಗಲಿಲ್ಲ. ಮಂಪರಿನಲ್ಲಿದ್ದ ಬಾಣಂತಿ ಅಡುಗೆಮನೆಯ ಯಾವ ಚಿತ್ರದ ಹಿಂದಿನ ಮೊಳೆಯಲ್ಲಿ ಅದು ನೇತುಹಾಕಿದೆ ಎಂದು ಹೇಳಿಬಿಟ್ಟಳು. ವೈದ್ಯರು ಬೆರಗಾದರು. ಮಂಪರಿನಲ್ಲಿರುವವರು ಸುಳ್ಳು ಹೇಳಲಾರರು ಎಂದು ತೀರ್ಮಾನಿಸಿ, 1922ರಲ್ಲಿ ಡಲ್ಲಾಸ್ ಜೈಲಿನ ಕೈದಿಗಳ ಮೇಲೆ ಅದೇ ಮದ್ದನ್ನು ಪ್ರಯೋಗಿಸಿದರು. ಗಮನಿಸಿ, ಆ ಬಾಣಂತಿಗೆ ತಕ್ಕಡಿಯ ವಿಷಯದಲ್ಲಿ ಸುಳ್ಳು ಹೇಳಬೇಕಾದ ಕಾರಣವೇ ಇರಲಿಲ್ಲ.

ಆಮೇಲೆ ನಡೆದ ಪರೀಕ್ಷೆಗಳು ಈ ಉತ್ಸಾಹವನ್ನು ಇಳಿಸಿದವು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಕೆಲವರಿಗೆ ಒಂದೊಂದು ಕಟ್ಟುಕಥೆಯನ್ನು ಹೇಳಲು ಒಪ್ಪಿಸಿ, ಬಳಿಕ ಇಂಥದೇ ಮದ್ದು ಕೊಟ್ಟು ಪ್ರಶ್ನಿಸಿದರು. ಮನಸ್ಸು ಗಟ್ಟಿಯಿದ್ದವರು ಮಂಪರಿನಲ್ಲೂ ತಮ್ಮ ಕಟ್ಟುಕಥೆಯನ್ನು ಬಿಡಲಿಲ್ಲ. ಒಳಗೊಳಗೇ ಅಪರಾಧಿ ಭಾವದಿಂದ ನರಳುವ ಸ್ವಭಾವದವರಾದರೋ ಬೇಗ ಒಪ್ಪಿಕೊಳ್ಳುತ್ತಾರೆ, ಮಾಡದೇ ಇದ್ದದ್ದನ್ನೂ ಮಾಡಿದೆ ಎನ್ನುತ್ತಾರೆ ಎಂಬುದು ಸಂಶೋಧಕರ ತೀರ್ಮಾನ. ಅಂದರೆ ಪಳಗಿದ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ, ಅಂಜುಬುರುಕ ಅಮಾಯಕ ಸಿಕ್ಕಿಬೀಳುತ್ತಾನೆ. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಹೀಗೆ ಮದ್ದಿನ ಅಮಲಿನಲ್ಲಿ ಪಡೆದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದಿತು.

ಮದ್ದೇ ಬೇಡ, ಬರೀ ಪ್ರಶ್ನೆ ಸಾಕು ನೆನಪನ್ನು ಕೆಡಿಸಲು. ಎಲಿಜಬೆತ್ ಲಾಫ್ಟಸ್ ಎಂಬ ಮನೋವಿಜ್ಞಾನಿ 1995ರಲ್ಲಿ 24 ಜನರಿಗೆ, ಚಿಕ್ಕಂದಿನಲ್ಲಿ ನೀವು ಅಂಗಡಿ ಸಂಕೀರ್ಣವೊಂದರಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಘಟನೆಯನ್ನು ಮನೆಯವರು ಹೇಳಿದ್ದೆಂಬಂತೆ ತಿಳಿಸಿದರು. ನಾಲ್ಕರಲ್ಲಿ ಒಬ್ಬರಷ್ಟು ಜನ ಅದು ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿದೆ ಎಂದರು. ಅವರೆಲ್ಲ ಪೂರ್ಣ ಎಚ್ಚರದಲ್ಲಿದ್ದವರು. "ಚಾಕು ಎಲ್ಲಿ ಎಸೆದೆ?" ಎಂದು ಮಂಪರಿನಲ್ಲಿರುವವನನ್ನು ಹತ್ತು ಸಲ ಕೇಳಿದರೆ ಹನ್ನೊಂದನೇ ಸಲಕ್ಕೆ ಅವನ ತಲೆಯಲ್ಲಿ ಒಂದು ಚಾಕು, ಒಂದು ಮೋರಿ ಎರಡೂ ಹುಟ್ಟಿಕೊಳ್ಳಬಹುದು.

ಎಲ್ಲ ದಾರಿಗಳೂ ಬೆಂಗಳೂರಿಗೆ ಬರುತ್ತಿದ್ದ ಕಾಲ

2000ದ ನಂತರದ ಒಂದು ದಶಕ ದೇಶದಲ್ಲಿ ಮಂಪರು ಪರೀಕ್ಷೆಯ ಭರಾಟೆಯ ಕಾಲ. ಅದರ ಪ್ರಮುಖ ಕೇಂದ್ರಗಳಲ್ಲಿ ಒಂದು ಬೆಂಗಳೂರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರ ಬಳಿಗೆ ಬೇರೆ ಬೇರೆ ರಾಜ್ಯಗಳ ಪೊಲೀಸರೂ ಸಿಬಿಐನವರೂ ಆರೋಪಿಗಳನ್ನು ಕರೆತರುತ್ತಿದ್ದರು.

ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿ, ಖಾನಾಪುರದವನು, ನೆನಪಿದೆಯಲ್ಲ? ಅವನ ಮಂಪರು ಪರೀಕ್ಷೆಯೂ ಇಲ್ಲೇ ಆಯಿತು. ಅದರ ವಿಡಿಯೊ ಹೇಗೋ ಟಿವಿ ಚಾನೆಲ್‌ಗಳಿಗೆ ಸೋರಿತು. ಮಂಪರಿನಲ್ಲಿ ಅವನು ದೊಡ್ಡ ರಾಜಕಾರಣಿಗಳ ಹೆಸರುಗಳನ್ನು ತೊದಲಿದ್ದನ್ನು ದೇಶವೆಲ್ಲ ಕಂಡಿತು. ಆ ಟೇಪಿನ ಮಾತಿನ ಆಧಾರದ ಮೇಲೆ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅದರಲ್ಲಿದ್ದದ್ದು ನಿಜವೋ ಸುಳ್ಳೋ ಎಂಬುದು ಇವತ್ತಿಗೂ ಹರಟೆಯ ವಿಷಯವಾಗಿಯೇ ಉಳಿದಿದೆ.

ನೊಯ್ಡಾದ ಬಾಲಕಿ ಮತ್ತು ಮನೆಗೆಲಸದವನ ಜೋಡಿ ಕೊಲೆಯ ಕಥೆ ಇನ್ನೂ ಕಹಿ. 2008ರ ಜೂನ್‌ನಲ್ಲಿ ಒಬ್ಬ ಕಂಪೌಂಡರನ್ನು ಬೆಂಗಳೂರಿಗೆ ಕರೆತಂದು ಪರೀಕ್ಷೆ ಮಾಡಿದರು, ಬಂಧಿಸಿದರು. ಅವನ ಮಂಪರಿನ ಮಾತುಗಳೂ ಟಿವಿಯಲ್ಲಿ ಓಡಿದವು. ಆದರೆ ಅವನ ಮೇಲೆ ಚಾರ್ಜ್‌ಶೀಟ್ ಹಾಕುವಷ್ಟು ಸಾಕ್ಷ್ಯ ಸಿಬಿಐಗೆ ಸಿಗಲೇ ಇಲ್ಲ. ಕೊನೆಗೆ ಬಾಲಕಿಯ ತಂದೆತಾಯಿಯ ಮೇಲೆ ಕೇಸು ನಡೆದು, ಶಿಕ್ಷೆಯಾಗಿ, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಕೊಲೆ ನಡೆದ ಮೊದಲ ದಿನ ಮನೆಯೊಳಗೆ ಜನ, ಕ್ಯಾಮೆರಾ ಎಲ್ಲ ನುಗ್ಗಿ ಹಾಳಾದ ಕುರುಹುಗಳನ್ನು ಯಾವ ಇಂಜೆಕ್ಷನ್ನೂ ವಾಪಸು ತರಲಿಲ್ಲ.

ಕೇರಳದ ಸಿಸ್ಟರ್ ಅಭಯಾ ಪ್ರಕರಣದ ಆರೋಪಿಗಳಿಗೂ 2007ರಲ್ಲಿ ಬೆಂಗಳೂರಿನಲ್ಲೇ ಪರೀಕ್ಷೆಯಾಗಿತ್ತು. 2020ರಲ್ಲಿ ಸಿಬಿಐ ಕೋರ್ಟ್ ಇಬ್ಬರಿಗೆ ಶಿಕ್ಷೆ ವಿಧಿಸಿದಾಗ ಮುಖ್ಯವಾದದ್ದು ಆ ರಾತ್ರಿ ಕದಿಯಲು ಹೋಗಿದ್ದ ಒಬ್ಬ ಕಳ್ಳನ ಕಣ್ಣಾರೆ ಕಂಡ ಸಾಕ್ಷ್ಯ, ಮಂಪರು ಪರೀಕ್ಷೆಯಲ್ಲ. (ಆ ಶಿಕ್ಷೆಯನ್ನು 2022ರಲ್ಲಿ ಕೇರಳ ಹೈಕೋರ್ಟ್ ಮೇಲ್ಮನವಿ ಮುಗಿಯುವವರೆಗೆ ಅಮಾನತಿನಲ್ಲಿಟ್ಟಿತು.)

ಕೋರಮಂಗಲದ ಕೇಸು, ದೆಹಲಿಯ ತೀರ್ಪು

ಕೋರಮಂಗಲ ಠಾಣೆಯ ಒಂದು ಪ್ರಕರಣದಲ್ಲಿ ಇಂಥ ಪರೀಕ್ಷೆಗೆ ಒಪ್ಪದ ಸೆಲ್ವಿ ಎಂಬ ಮಹಿಳೆ ಮತ್ತು ಇತರರು ಕೋರ್ಟ್ ಮೆಟ್ಟಿಲೇರಿದರು. 2004ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ಮಾತನ್ನು ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ರಾಜ್ಯಗಳ ಇಂಥವೇ ಮೇಲ್ಮನವಿಗಳೂ ಜತೆಗೂಡಿದವು. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್, ಜೆ.ಎಂ. ಪಾಂಚಾಲ್ ಅವರ ಪೀಠ ತೀರ್ಪು ಕೊಟ್ಟಿತು. "ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ" ಎಂದು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳೂ ಓದುವ ತೀರ್ಪು ಇದೇ.

ಸಂವಿಧಾನದ 20(3)ನೇ ವಿಧಿಯ ಪ್ರಕಾರ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. "ಬೆರಳಚ್ಚು, ರಕ್ತ ತೆಗೆದುಕೊಳ್ಳಲ್ವಾ, ಅದು ಬಲವಂತ ಅಲ್ವಾ?" ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1961ರಲ್ಲೇ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರಿಸಿದೆ. ಬೆರಳಚ್ಚು ಅಲ್ಲೇ ಇರುವ ವಸ್ತು, ಹೋಲಿಸಿ ನೋಡಲು ಮಾತ್ರ ಬೇಕಾದದ್ದು. ಅದು ಹೇಳಿಕೆಯಲ್ಲ. ಮಂಪರಿನಲ್ಲಿ ಹೊರಬರುವುದು ಮಾತು. ಆ ಮಾತಿನ ಮೇಲೆ ಹೇಳುವವನಿಗೇ ಹಿಡಿತವಿಲ್ಲ. ಹಾಗಾಗಿ ಬಲವಂತದ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮೂರೂ ಕೂಡದು ಎಂದಿತು ಪೀಠ. ಆರೋಪಿಗೆ ಮಾತ್ರವಲ್ಲ, ಸಾಕ್ಷಿಗೂ ದೂರುದಾರನಿಗೂ ಕೂಡದು.

ತಾನಾಗಿ ಒಪ್ಪಿದರೆ? ಆಗ ಮಾಡಬಹುದು, ಷರತ್ತುಗಳಿವೆ. ವಕೀಲರ ಜತೆ ಮಾತಾಡಲು ಅವಕಾಶ ಕೊಡಬೇಕು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಬೇಕು. ಪರೀಕ್ಷೆಯನ್ನು ಪೊಲೀಸರಲ್ಲ, ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ ಮಾಡಬೇಕು, ವಕೀಲರು ಹಾಜರಿರಬೇಕು. ಇಷ್ಟೆಲ್ಲ ಆದ ಮೇಲೂ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲ. ಒಪ್ಪಿ ಮಾಡಿಸಿಕೊಂಡ ಪರೀಕ್ಷೆಯ ಸುಳಿವಿನಿಂದ ಮುಂದೆ ಒಂದು ವಸ್ತು ಸಿಕ್ಕರೆ, ಅದನ್ನು ಕಾನೂನಿನ ಮಿತಿಯೊಳಗೆ ಪರಿಗಣಿಸಬಹುದು. ಅಷ್ಟೇ.

ಇದು ಹಳೆಯ ಮಾತಾಯಿತು, ಈಗ ಹೊಸ ಕಾನೂನು ಬಂದಿದೆ ಎನ್ನುವವರಿಗೆ ಒಂದು ಸೇರ್ಪಡೆ. ಹೊಸ ಕಾನೂನುಗಳು 2024ರ ಜುಲೈ 1ರಿಂದ ಜಾರಿಗೆ ಬಂದವು. ಅದಾದ ಮೇಲೆ, 2025ರ ಜೂನ್ 9ರಂದು ಬಿಹಾರದ ಅಮ್ಲೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ತೀರ್ಪನ್ನು ಮತ್ತೆ ಎತ್ತಿಹಿಡಿಯಿತು. ಅಲ್ಲಿ ಜಾಮೀನು ಅರ್ಜಿಯ ವಿಚಾರಣೆ ವೇಳೆ, ಎಲ್ಲರಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆ ಎಂಬ ಪೊಲೀಸರ ಮಾತನ್ನು ಪಟ್ನಾ ಹೈಕೋರ್ಟ್ ಒಪ್ಪಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. "ನಾನು ನಿರಪರಾಧಿ, ನನಗೆ ಮಾಡಲೇಬೇಕು" ಎಂದು ಆರೋಪಿಯೇ ಹಟ ಹಿಡಿದರೂ ಅದು ಪ್ರಶ್ನಾತೀತ ಹಕ್ಕಲ್ಲ ಎಂದೂ ಹೇಳಿತು. ಟಿವಿಯ ಮುಂದೆ ನಿಂತು "ನಾರ್ಕೋಗೆ ನಾನು ರೆಡಿ, ಅವರು ರೆಡಿನಾ?" ಎಂದು ಸವಾಲು ಹಾಕುವ ರಾಜಕಾರಣಿಗಳು ಇದನ್ನು ಗಮನಿಸಿದಂತಿಲ್ಲ.

ಸುಳ್ಳು ಪತ್ತೆ ಯಂತ್ರವಾದರೂ ಸರಿಯೇ?

ಹಿಂದೆ ಹಳ್ಳಿಗಳಲ್ಲಿ ಮನೆಯಲ್ಲಿ ಒಡವೆ ಕಳುವಾದರೆ ಅಂಜನ ಹಾಕಿಸುತ್ತಿದ್ದರು. ಇನ್ನು ಕೆಲವು ಕಡೆ ಮಂತ್ರಿಸಿದ ಅಕ್ಕಿ ಕೊಟ್ಟು ಅಗಿಯಲು ಹೇಳುತ್ತಿದ್ದರು. ಹೆದರಿದವನ ಬಾಯಿ ಒಣಗುತ್ತದೆ, ಅಕ್ಕಿ ಒಣಗಿದಂತೆಯೇ ಹೊರಬರುತ್ತದೆ, ಅವನೇ ಕಳ್ಳ. ಸುಳ್ಳು ಪತ್ತೆ ಯಂತ್ರ, ಅಂದರೆ ಪಾಲಿಗ್ರಾಫ್, ಈ ಅಕ್ಕಿಯ ವಿದ್ಯುತ್ ರೂಪ. ಅದು ಅಳೆಯುವುದು ರಕ್ತದೊತ್ತಡ, ನಾಡಿ, ಉಸಿರು, ಕೈಯ ಬೆವರು. ಅದಕ್ಕೆ ಕಾಣುವುದು ಗಾಬರಿ. ಆ ಗಾಬರಿ ಸುಳ್ಳಿನದೋ, ಪೊಲೀಸರ ಮುಂದೆ ಕೂತದ್ದಕ್ಕೋ ಎಂದು ಯಂತ್ರ ಹೇಳಲಾರದು.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಒಂದು ಲೆಕ್ಕ ಕೊಟ್ಟಿತು. 10,000 ನೌಕರರಲ್ಲಿ 10 ಜನ ಗೂಢಚಾರರಿದ್ದಾರೆ ಎಂದುಕೊಳ್ಳಿ. ಅವರಲ್ಲಿ 8 ಜನರನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ಮಾಡಿದರೆ, ಆ 8 ಜನರ ಜತೆ ಸುಮಾರು 1,600 ನಿರಪರಾಧಿಗಳೂ "ಫೇಲ್" ಆಗುತ್ತಾರೆ. ಇತ್ತ ಸಿಐಎಯೊಳಗಿದ್ದು ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಈ ಯಂತ್ರವನ್ನು ದಾಟಿಬಿಟ್ಟ.

ಬ್ರೈನ್ ಮ್ಯಾಪಿಂಗ್ ಕಥೆಯಲ್ಲೂ ಬೆಂಗಳೂರಿದೆ. ನಮ್ಮಲ್ಲಿ ಬಳಸುವ ಒಂದು ವಿಧಾನವನ್ನು ರೂಪಿಸಿದ್ದು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಮುಕುಂದನ್. ಅಂಥ ಪರೀಕ್ಷೆಯನ್ನು ನಂಬಿ 2008ರಲ್ಲಿ ಪುಣೆಯ ಕೋರ್ಟೊಂದು ಕೊಲೆ ಕೇಸಿನಲ್ಲಿ ಶಿಕ್ಷೆ ಕೊಟ್ಟಾಗ ಜಗತ್ತಿನ ವಿಜ್ಞಾನಿಗಳು ಹುಬ್ಬೇರಿಸಿದರು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ, ಈ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರ ಸಾಲದು, ಕೋರ್ಟಿನಲ್ಲಿ ಬಳಸಬಾರದು ಎಂದಿತು.

ತಾನೇ ಬಂದು "ನಾನೇ ಕೊಂದೆ" ಎಂದರೆ?

ಇದಕ್ಕೆ ದೂರ ಹೋಗಬೇಕಿಲ್ಲ. ಆರ್‌ಪಿಸಿ ಲೇಔಟಿನಿಂದ ಮಾಗಡಿ ರಸ್ತೆ ಹಿಡಿದರೆ ಕಾಮಾಕ್ಷಿಪಾಳ್ಯ, ಸುಮನಹಳ್ಳಿ ಕೆಲವೇ ಕಿಲೋಮೀಟರ್. 2024ರ ಜೂನ್ 9ರ ಬೆಳಿಗ್ಗೆ ಸುಮನಹಳ್ಳಿಯ ಬಳಿ ಮೋರಿಯಲ್ಲಿ ಚಿತ್ರದುರ್ಗದ ರೇಣುಕಾಸ್ವಾಮಿಯ ಶವ ಸಿಕ್ಕಿತು. ಮರುದಿನ ಕೆಲವರು ತಾವಾಗಿಯೇ ಕಾಮಾಕ್ಷಿಪಾಳ್ಯ ಠಾಣೆಗೆ ಬಂದು, ಹಣಕಾಸಿನ ಜಗಳದಲ್ಲಿ ನಾವೇ ಕೊಂದೆವು ಎಂದರು. ಯಾರೂ ಹೊಡೆಯಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ. ಬೇರೆಯವರನ್ನು ಉಳಿಸಲು ಕಟ್ಟಿದ ಕಥೆ ಅದು ಎಂಬುದು ಪೊಲೀಸರ ಆರೋಪ. ಅವರ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಫೋನ್ ದಾಖಲೆ, ಸಿಸಿಟಿವಿ ಹಿಡಿದು ಹೊರಟ ತನಿಖೆ ಒಬ್ಬ ಹೆಸರಾಂತ ಚಿತ್ರನಟ ಸೇರಿ 17 ಜನರ ಬಂಧನಕ್ಕೆ ಹೋಗಿ ಮುಟ್ಟಿತು. ಯಾರು ತಪ್ಪಿತಸ್ಥರು ಎಂದು ಹೇಳುವುದು ಕೋರ್ಟಿನ ಕೆಲಸ, ನಮ್ಮದಲ್ಲ. ಆದರೆ ಬಾಯಿಮಾತಿನ ತಪ್ಪೊಪ್ಪಿಗೆಗೇ ತೃಪ್ತರಾಗಿದ್ದರೆ ಆ ಫೈಲು ಅಂದೇ ಮುಚ್ಚಿಹೋಗುತ್ತಿತ್ತು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಬಳಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲೇ ಇತ್ತು. ಬ್ರಿಟಿಷರಿಗೇ ಗೊತ್ತಿತ್ತು, ಠಾಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆ ಎಂದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲೂ ಅದೇ ನಿಯಮ ಮುಂದುವರಿದಿದೆ. ಆರೋಪಿ ಹೇಳಿದ ಜಾಗದಲ್ಲಿ ಚಾಕು ಸಿಕ್ಕರೆ, ಚಾಕು ಸಿಕ್ಕಿದ್ದಕ್ಕೆ ಸಂಬಂಧಪಟ್ಟ ಮಾತಷ್ಟೇ ಲೆಕ್ಕಕ್ಕೆ ಬರುತ್ತದೆ.

"ತಪ್ಪಿಲ್ಲದವನು ಯಾಕೆ ಹೆದರಬೇಕು?"

ಫಾರ್ವರ್ಡ್‌ನ ಅತ್ಯಂತ ಜನಪ್ರಿಯ ಸಾಲು ಇದು. ಒಂದು ಕ್ಷಣ ನಿಮ್ಮ ಮನೆಯವರ ಜಾಗದಲ್ಲಿಟ್ಟು ನೋಡಿ. ನಿಮ್ಮ ಮಗ ಪೇಯಿಂಗ್ ಗೆಸ್ಟ್‌ನಲ್ಲಿದ್ದಾನೆ, ಪಕ್ಕದ ಕೋಣೆಯಲ್ಲಿ ಒಂದು ಸಾವಾಗಿದೆ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಮೂರು ದಿನ ನಿದ್ದೆಯಿಲ್ಲದ ಅವನನ್ನು ಅರಿವಳಿಕೆಯಲ್ಲಿ ಮಲಗಿಸಿ ಅಪರಿಚಿತರು ಪ್ರಶ್ನೆ ಕೇಳುತ್ತಾರೆ. ಅವನು ತೊದಲಿದ್ದು ಸಂಜೆ ಟಿವಿಯಲ್ಲಿ ಬರುತ್ತದೆ. ಅದರಲ್ಲಿ ಕೊಲೆಯ ವಿಷಯ ಇಲ್ಲದಿರಬಹುದು, ಅವನ ಪ್ರೀತಿ, ಸಾಲ, ಅಪ್ಪನ ಮೇಲಿನ ಸಿಟ್ಟು ಇರಬಹುದು. ಹೆದರಲು ಕಾರಣ ಬೇಕಾದಷ್ಟಿದೆ.

ಒಪ್ಪದಿದ್ದರೆ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ ಎಂಬುದೂ ನಿಜವಲ್ಲ. ಕೋಲ್ಕತ್ತಾದ ಆರ್‌ಜಿ ಕರ್ ಆಸ್ಪತ್ರೆಯ ವೈದ್ಯೆಯ ಕೊಲೆಯಲ್ಲಿ ಆರೋಪಿ ಮಂಪರು ಪರೀಕ್ಷೆಗೆ ಒಪ್ಪಲಿಲ್ಲ, ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸಿಬಿಐಗೆ ಅನುಮತಿ ಕೊಡಲಿಲ್ಲ. ಡಿಎನ್‌ಎ ಸೇರಿದಂತೆ ಇತರ ಸಾಕ್ಷ್ಯಗಳ ಮೇಲೆ 2025ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಹಾಗಾದರೆ ಏನನ್ನು ಕೇಳಬೇಕು?

ತನಿಖೆ ಕುಂಟುತ್ತದೆ, ಕೇಸುಗಳು ಬಿದ್ದುಹೋಗುತ್ತವೆ ಎಂಬ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟನ್ನು ತೋರಿಸಲು ಕಾನೂನಿನಲ್ಲೇ ಒಳ್ಳೆಯ ಪ್ರಶ್ನೆಗಳಿವೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಿ ಕುರುಹು ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಸೆಕ್ಷನ್. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಕಾಲಾವಕಾಶ ಕೊಟ್ಟಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಅಷ್ಟು ತಜ್ಞರಿದ್ದಾರೆಯೇ, ಸಂಗ್ರಹಿಸಿದ ಮಾದರಿಯ ವರದಿ ಪ್ರಯೋಗಾಲಯದಿಂದ ಎಷ್ಟು ದಿನಕ್ಕೆ ಬರುತ್ತದೆ? ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುವುದು 105ನೇ ಸೆಕ್ಷನ್. ಮಹಜರಿಗೆ ಪಂಚರ ಸಹಿ ಹಾಕಿಸಿ ಮುಗಿಸುವ ಹಳೆಯ ಪದ್ಧತಿಯಿಂದ ಎಷ್ಟು ಕೇಸುಗಳು ಬಿದ್ದಿವೆ ಎಂದು ಯಾವ ಕ್ರಿಮಿನಲ್ ವಕೀಲರನ್ನು ಕೇಳಿದರೂ ಹೇಳುತ್ತಾರೆ. ಪ್ರತಿ ಠಾಣೆಯಲ್ಲೂ ಲಾಕಪ್ ಸೇರಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ನಮ್ಮ ಏರಿಯಾದ ಠಾಣೆಯ ಕ್ಯಾಮೆರಾ ಓಡುತ್ತಿದೆಯೇ ಎಂದು ಕೇಳುವ ಫಾರ್ವರ್ಡ್ ನನಗೆ ಇನ್ನೂ ಒಂದೂ ಬಂದಿಲ್ಲ.

ನಿಮ್ಮನ್ನೋ ನಿಮ್ಮವರನ್ನೋ ಇಂಥ ಪರೀಕ್ಷೆಗೆ ಸಹಿ ಹಾಕಿ ಎಂದು ಯಾರಾದರೂ ಕೇಳಿದರೆ, ವಕೀಲರ ಜತೆ ಮಾತಾಡದೆ ಹಾಕಬೇಡಿ. ಠಾಣೆಯಲ್ಲಿ ಬರೆದುಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದ್ದಷ್ಟೇ ಒಪ್ಪಿಗೆ. ಇಲ್ಲ ಎನ್ನುವ ಹಕ್ಕು ನಿಮಗಿದೆ. ವಕೀಲರಿಗೆ ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ.